ಗುಬ್ಬಿ ಮಿಲ್ಲಿನಲ್ಲಿ ತಿರುಗದ ವಾಲ್ವ್

ದೆವ್ವ, ದೇವರು, ಶಕುನ ಅಂತ ಯಾರಾದರೂ ಬಾಯಿ ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ಹೋಗುತ್ತೇನೆ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ಗುಬ್ಬಿಯ ಒಂದು ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದಾಗ, ಹಾಡಹಗಲೇ ನಡೆದ ಒಂದು ಸಂಗತಿ ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ. ನಗುವವರು ನಗಲಿ, ನನಗೇನಂತೆ!

ಭತ್ತ ಬೇಯಿಸೋಕೆ ಹಬೆ ಬೇಕು. ಬಾಯ್ಲರಿನ ತಳದಲ್ಲಿ ಕೆಸರು ಕೂರುತ್ತೆ. ದಿನಾ ಒಂದು ವಾಲ್ವ್ ತೆಗೆದು, ಕುದಿಯುವ ನೀರಿನ ಜೊತೆ ಅದನ್ನು ಹೊರಗೆ ಬಿಡಬೇಕು. ಬ್ಲೋಡೌನ್ ಅಂತೀವಿ. ನಮ್ಮಲ್ಲಿ ಅದು ಗೋಡೆಯಾಚೆ ಒಂದು ತೆರೆದ ಗುಂಡಿಗೆ ಭುಸುಗುಟ್ಟಿಕೊಂಡು ಬೀಳುತ್ತಿತ್ತು. ಮುಚ್ಚಳವಿಲ್ಲ, ಬೇಲಿಯಿಲ್ಲ. ಹೆಣ್ಣಾಳುಗಳು ಮನೆಗೆ ಹೋದ ಮೇಲೆ, ಸಂಜೆ, "ನೀರು ಬಿಟ್ಟೇ!" ಅಂತ ಕೂಗಿ ಬಿಡುತ್ತಿದ್ದೆ. ಅಷ್ಟೇ ನಮ್ಮ ಸೇಫ್ಟಿ!

ಅವತ್ತು ಸಾಹುಕಾರರು ಕುಣಿಗಲ್‌ಗೆ ಹೊರಟಿದ್ದರು. ತಮ್ಮೆದುರೇ ಕೆಲಸ ಮುಗೀಬೇಕು ಅಂತ ಮಧ್ಯಾಹ್ನವೇ ಬಂದು ನಿಂತರು. ನಾನು ಕೂಗಿದೆ. ಮಿಲ್ಲಿನ ಗದ್ದಲದಲ್ಲಿ ನನ್ನ ಕೂಗು ನನಗೇ ಸರಿಯಾಗಿ ಕೇಳಿಸಲಿಲ್ಲ. ವಾಲ್ವಿನ ಚಕ್ರ ತಿರುಗಿಸಿದೆ, ಅಲ್ಲಾಡಲಿಲ್ಲ. ಹಿಂದಿನ ಸಂಜೆ ಸಲೀಸಾಗಿ ತಿರುಗಿದ್ದ ವಾಲ್ವ್ ಕಣ್ರೀ! ಗೋಡೆಗೆ ಕಾಲು ಕೊಟ್ಟು, ಹಲ್ಲು ಕಚ್ಚಿ ತಿರುಗಿಸಿದೆ. ಊಹೂಂ.

"ಏನ್ಲಾ, ತಿಂದ ಮುದ್ದೆ ಎಲ್ಲೋಯ್ತು?" ಅಂತ ರೇಗಿ ಸಾಹುಕಾರರೇ ಕೈ ಹಾಕಿದರು. ಅವರಿಗೂ ಜಗ್ಗಲಿಲ್ಲ.

ಅಷ್ಟರಲ್ಲಿ ಗೋಡೆಯ ಪಕ್ಕದಿಂದ ನೂರ್ಜಾನಮ್ಮ ಬಂದರು. ಮಿಲ್ಲಿನಲ್ಲಿ ತೌಡು ಗುಡಿಸುವ ಹೆಂಗಸು, ಮಕ್ಕಳಿರುವ ತಾಯಿ. ಮೊಣಕಾಲವರೆಗೆ ಕೆಸರು, ಸೊಂಟದ ಮೇಲೆ ಮಂಕರಿ.

"ಗುಂಡಿ ಕೆಸರು ಎತ್ತಿ ಆಯ್ತಣ್ಣ. ಸಂಜೆ ನೀರು ಬಿಡೋಕ್ ಮುಂಚೆ ಮುಗಿಸೋಣ ಅಂತ ಇಳಿದಿದ್ದೆ" ಅಂದರು.

ನಾನು ಚಕ್ರದಿಂದ ದೂರ ಸರಿದೆ. ಸಾಹುಕಾರರು ಅಲ್ಲೇ ಕುಕ್ಕರಿಸಿದರು. ಆಕೆ ದೂರ ಹೋದ ಮೇಲೆ ಮತ್ತೆ ಕೈಯಿಟ್ಟೆ. ಒಂದೇ ಕೈಗೆ ತಿರುಗಿತು! ತುಮಕೂರಿನಿಂದ ಬಂದ ಫಿಟ್ಟರ್ ವಾಲ್ವ್ ಬಿಚ್ಚಿ ನೋಡಿದ. ತುಕ್ಕಿಲ್ಲ, ಕಸವಿಲ್ಲ, ಏನೂ ಇಲ್ಲ.

ಸಾಹುಕಾರರು ನಿಂಬೆಹಣ್ಣು, ತೆಂಗಿನಕಾಯಿ ತರಿಸಿದರು. ನನಗೆ ಉರಿದುಹೋಯಿತು.

"ಪೂಜೆ ಆಮೇಲೆ ಮಾಡ್ಕೊಳ್ಳಿ. ಮೊದಲು ಗುಂಡಿಗೆ ಮುಚ್ಚಳ ಹಾಕ್ಸಿ, ಹಬೆ ಹೋಗೋಕೆ ಮೇಲಕ್ಕೊಂದು ಪೈಪು ಬಿಡ್ಸಿ. ಅಲ್ಲೀವರೆಗೂ ನಾನು ಬೆಂಕಿ ಹಾಕಲ್ಲ."

"ಕೆಲಸದಿಂದ ತೆಗೀತೀನಿ, ಹುಷಾರ್!"

"ತೆಗೀರಿ. ಇನ್ನೊಬ್ಬ ಬಂದರೆ ಗೇಟಲ್ಲೇ ನಿಲ್ಲಿಸಿ ಎಲ್ಲಾ ಹೇಳ್ತೀನಿ."

ಮುಚ್ಚಳ ಕೂರುವವರೆಗೂ ಬಾಯ್ಲರ್ ತಣ್ಣಗೇ ಇತ್ತು. ನಾನು ಜಗ್ಗಲಿಲ್ಲ.

ಕೆಲವರು ಹೇಳುತ್ತಾರೆ, ನಿನ್ನ ಒಳಮನಸ್ಸಿಗೆ ಗೊತ್ತಾಗಿ ಕೈಯೇ ಹಿಂಜರಿದಿರಬೇಕು ಅಂತ. ಸುಳ್ಳು! ಸಾಹುಕಾರರ ಕೈಯೂ ಹಿಂಜರಿಯಿತೇ? ಹಾಗಾದರೆ ಯಾರು ಹಿಡಿದುಕೊಂಡಿದ್ದರು? ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಆ ತಾಯಿ ಗುಂಡಿಯಲ್ಲಿ ಬಗ್ಗಿ ಕೆಸರು ಎತ್ತುತ್ತಿದ್ದಾಗ, ನಾನು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ತಿರುಗಿಸಿದ್ದೆ.