ಕತ್ತರಿಸಿ ಬಿಸಾಡಿದ ಎಣಿಕೆ

ಯಲ್ಲಾಪುರದ ಇಕ್ಬಾಲರು ಬಾರಿಸಿದ ಡ್ರಮ್ಮನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಅದು ಅವರದೆಂದು ತಿಳಿದವರೂ ಇಲ್ಲ. ಸಿನಿಮಾ ಹಾಡು, ಸಾಬೂನಿನ ಜಾಹೀರಾತು, ದೇವರ ಭಜನೆ, ಮುಂಬೈಯ ಸ್ಟುಡಿಯೋಗಳಲ್ಲಿ ಯಾವುದಕ್ಕೂ ಅವರು ಒಲ್ಲೆ ಎಂದವರಲ್ಲ. ಕ್ಯಾಸೆಟ್ಟಿನ ಮೇಲೆ ಹಾಡಿದವರ ಮುಖ ಇರುತ್ತಿತ್ತು. ಡ್ರಮ್ ಬಾರಿಸಿದವನ ಹೆಸರನ್ನು ಯಾರು ಹಾಕುತ್ತಾರೆ!

ಅಪ್ಪ ಲಾರಿ ಡ್ರೈವರ್. ಮಗನೂ ಸ್ಟೇರಿಂಗ್ ಹಿಡಿಯಲಿ ಎಂದು ಮುಂಬೈಗೆ ಕರೆದೊಯ್ದರೆ, ಹುಡುಗ ಹೋಟೆಲ್ಲೊಂದರ ಹಿಂಬಾಗಿಲಲ್ಲಿ ನಿಂತು ಗೋವೆಯ ವಾದ್ಯಗಾರರ ಜಾಝ್ ಸಂಗೀತ ಕೇಳಿ ಅಲ್ಲೇ ಬೇರು ಬಿಟ್ಟ. ಹಗಲು ಹೊಟ್ಟೆಗಾಗಿ ಸ್ಟುಡಿಯೋ, ಸಂಜೆ ಜೀವಕ್ಕಾಗಿ ಜಾಝ್.

ವಾದ್ಯಗಳು ಶುರುವಾಗುವ ಮೊದಲು ಹಾಡು ಎಷ್ಟು ನಿಧಾನ, ಎಷ್ಟು ಚುರುಕು ಎಂದು ಒಬ್ಬರು ಎಣಿಸಿ ತೋರಿಸಬೇಕು. ಇಕ್ಬಾಲರು ಕನ್ನಡದಲ್ಲೇ ಎಣಿಸುತ್ತಿದ್ದರು. ‘ಒಂದು... ಎರಡು...’ ಎಂದು ಎಳೆದು, ಆಮೇಲೆ ಒಂದರಿಂದ ನಾಲ್ಕರವರೆಗೆ ಸರಸರನೆ. ಗೋವೆಯವರು ನಕ್ಕು ನಕ್ಕು ಅದನ್ನೇ ಕಲಿತರು. ಸ್ಟುಡಿಯೋದವರು ಮಾತ್ರ ಹಾಡು ಸಿದ್ಧವಾದ ಮೇಲೆ ಆ ಎಣಿಕೆಯನ್ನು ಕತ್ತರಿಸಿ ಬಿಸಾಡುತ್ತಿದ್ದರು. ಅಷ್ಟು ಹಾಡುಗಳಲ್ಲಿ ಅವರ ಕೈ ಇದೆ, ಒಂದರಲ್ಲೂ ದನಿ ಇಲ್ಲ.

ಡ್ರಮ್ಮಿನ ಕೆಲಸವನ್ನು ಕಂಪ್ಯೂಟರ್ ಮಾಡತೊಡಗಿದ ಮೇಲೆ ಊರಿಗೆ ಮರಳಿದರು. ಆಮೇಲೆ ಗಂಟಲಿನ ಕ್ಯಾನ್ಸರ್. ಆಪರೇಷನ್ನಿನಲ್ಲಿ ಜೀವ ಉಳಿಯಿತು, ದನಿ ಹೋಯಿತು. ಹೆಂಡತಿ ಮೈಮೂನಾ ಮನೆಯಲ್ಲಿದ್ದ ಕ್ಯಾಸೆಟ್ಟುಗಳನ್ನೆಲ್ಲ ಹಾಕಿ ಕೇಳಿದಳು, ಎಲ್ಲಾದರೂ ಗಂಡನ ಎಣಿಕೆ ತಪ್ಪಿ ಉಳಿದಿದೆಯೋ ಎಂದು. ಎಲ್ಲೂ ಇರಲಿಲ್ಲ. ಸ್ಟುಡಿಯೋದವರ ಕೆಲಸದಲ್ಲಿ ಇಷ್ಟು ಅಚ್ಚುಕಟ್ಟು ಯಾರಿಗೆ ಬೇಕಿತ್ತು!

ಕಣ್ಣು ಮುಚ್ಚುವುದರೊಳಗೆ ತಮ್ಮ ಹೆಸರಿನಲ್ಲಿ ಒಂದೇ ಒಂದು ಹಾಡು ರೆಕಾರ್ಡ್ ಆಗಬೇಕೆಂಬುದು ಇಕ್ಬಾಲರ ಹಠ. ಶಿರಸಿಯಲ್ಲಿ ಭರತ್ ಎಂಬವನ ಪುಟ್ಟ ಸ್ಟುಡಿಯೋ ಇತ್ತು. ಅವನೇ ಕೀಬೋರ್ಡಿಗೆ ಕೂತ. ನಿಧಾನದ ಹಾಡು, ಕೋಲಿನ ಬದಲು ತಂತಿಯ ಬ್ರಶ್ಶು. ಕೋಲನ್ನು ಕೋಲಿಗೆ ಬಡಿದು ಎಣಿಸಬಹುದು, ಬ್ರಶ್ಶು ಬಡಿದರೆ ಸದ್ದೇ ಬರದು. ಎಣಿಕೆ ಬಾಯಿಂದಲೇ ಬರಬೇಕು. ಇಕ್ಬಾಲರು ತಲೆಯಾಡಿಸಿ ಗತಿ ತೋರಿಸಿದರು. ಪ್ರತಿ ಸಲವೂ ಭರತ್ ಗತಿ ಮೀರಿ ಮುಂದೆ ಓಡಿದ.

“ಕ್ಲಿಕ್ ಹಾಕ್ತೇನೆ ಸರ್. ಕಿವಿಯಲ್ಲಿ ಟಿಕ್ ಟಿಕ್ ಕೇಳ್ತದೆ, ಇಬ್ಬರಿಗೂ ಸುಲಭ” ಎಂದ.

ಇಕ್ಬಾಲರು ಬೇಡವೆಂದು ಕೈಯಾಡಿಸಿದರು. ಅವರ ಕೆಲಸ ಕಿತ್ತುಕೊಂಡದ್ದೇ ಆ ಕಂಪ್ಯೂಟರಿನ ಟಿಕ್ ಟಿಕ್ಕು. ಬ್ರಶ್ಶುಗಳನ್ನು ಮಡಿಲಲ್ಲಿಟ್ಟು ತಲೆ ತಗ್ಗಿಸಿದರು. ಅವರಿಗೆ ಅಳು ಬಂದಿತ್ತು.

ಮೂಲೆಯಲ್ಲಿ ಚಹಾದ ಫ್ಲಾಸ್ಕ್ ಹಿಡಿದು ಕೂತಿದ್ದ ಮೈಮೂನಾ ಎದ್ದು ಬಂದಳು. “ನಾ ಎಣಿಸ್ತೇನೆ ತಮ್ಮಾ.”

“ನಿಮಗೆ ತಾಳ ಬರ್ತದಾ ಅಮ್ಮಾ?”

“ತಾಳ ಎಂತಕ್ಕೆ? ಇವರು ಹೇಳೋದು ಗೊತ್ತು. ಮುಂಬೈಲಿ ಒಂದೇ ರೂಮು, ಚಾ ಸೋಸುವಾಗ್ಲೂ ಇವರ ಬಾಯಲ್ಲಿ ಅದೇ.”

ಮೈಕಿನ ಮುಂದೆ ನಿಂತು ಸೆರಗು ಸರಿ ಮಾಡಿಕೊಂಡಳು. ‘ಒಂದು... ಎರಡು...’ ಅದೇ ಎಳೆತ, ನಡುವೆ ಅದೇ ಬಿಡುವು. ಇಕ್ಬಾಲರ ಕೈ ತಾನಾಗಿ ಎದ್ದಿತು. ಈ ಸಲ ಭರತ್ ಓಡಲಿಲ್ಲ. ಹಾಡು ಕೊನೆಯವರೆಗೂ ನಡೆಯಿತು.

ಮುಗಿದ ಮೇಲೆ ಭರತ್ ಕಂಪ್ಯೂಟರಿನ ಮುಂದೆ ಕೂತು, ರೂಢಿಯಂತೆ ಹಾಡಿನ ಮೊದಲ ತುಣುಕನ್ನು ಅಳಿಸಲು ಹೊರಟ. ಇಕ್ಬಾಲರು ಅವನ ಮಣಿಕಟ್ಟು ಹಿಡಿದರು.

“ಇದು ಹಾಡಲ್ಲ ಸರ್, ಬರೀ ಎಣಿಕೆ.”

ಇಕ್ಬಾಲರ ತುಟಿ ಅಲುಗಿತು. ಭರತನಿಗೆ ತಿಳಿಯಲಿಲ್ಲ. ಅವನು ಮೈಮೂನಾಳತ್ತ ನೋಡಿದ. ಅವಳು ಗಂಡನ ತುಟಿಯನ್ನೇ ನೋಡುತ್ತ ನಿಂತಿದ್ದಳು.

“ಅದು ನನ್ನ ದನಿ, ಕತ್ತರಿಸಬೇಡ ಅಂತಿದ್ದಾರೆ” ಎಂದಳು.