ಹಂದಿತಲೆಯ ಮುಂದೆ ಒಂದು ಹಾಳೆ ಗುಳಿಗೆ

ಬೇಯಿಸಿದ ಹಂದಿತಲೆ ಇಟ್ಟು ಬೆಟ್ಟ ಕಾಯುವ ದೈವ ಬೆಟ್ಟದಜ್ಜನಿಗೆ ಅಡ್ಡಬೀಳದೆ, ಇಂಜೆ ಸೀಮೆಯ ಕಾಡುಮೇಕೆಗಳ ಅಧ್ಯಯನ ಮಾಡುವ ತಂಡ ಬೆಟ್ಟ ಹತ್ತುವುದಿಲ್ಲ. ಎಲ್ಲರೂ ವಿಜ್ಞಾನಿಗಳೇ. ಆದರೂ ಪ್ರತಿ ವಸಂತದಲ್ಲಿ ಚಾಪೆ ಹಾಸಿ, ಅಕ್ಕಿ ಕಡುಬು, ಮಕ್ಕೊಲಿ ಹೆಂಡ ಇಟ್ಟು, ತಂತಮ್ಮ ಹಗ್ಗ, ಬೂಟು, ದುರ್ಬೀನುಗಳನ್ನು ಮುಂದೆ ಜೋಡಿಸಿ, ತನಗೇನು ಆಗಬಾರದೆಂದು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳಬೇಕು. ಕಾಲು ಮುರಿಯಬಾರದು, ಕಣಜದ ಹುಳು ಕಚ್ಚಬಾರದು, ಕಾಡುಹಂದಿ ಎದುರಾಗಬಾರದು. ಕೊನೆಯವರು ಅಡ್ಡಬಿದ್ದು ಏಳುವವರೆಗೆ ಯಾರೂ ಹೆಂಡ, ಮಾಂಸ ಮುಟ್ಟುವಂತಿಲ್ಲ.

ಆ ವರ್ಷ ತಕ್ ಯೊನ್ಜುವಿನ ಹೆಸರು ಬೆಟ್ಟ ಹತ್ತುವವರಲ್ಲಿ ಇರಲಿಲ್ಲ. ಹಿಂದಿನ ಚಳಿಗಾಲ ಹಿಮದಲ್ಲಿ ಹೂತು ಸತ್ತ ಕಾಡುಮೇಕೆಗಳನ್ನು ಅವಳೊಬ್ಬಳೇ ಹುಡುಕಿ, ಅಳೆದು, ಹೊತ್ತು ಇಳಿಸಿದ್ದಳು. ತಾನೇ ಹೆಸರಿಟ್ಟ ಮರಿಗಳೂ ಅವುಗಳಲ್ಲಿದ್ದವು. ಆಮೇಲೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ, ಡೇರೆಯಲ್ಲಿ ಒಬ್ಬಳೇ ಕೂತು ಅಳುತ್ತಿದ್ದಳು. ವೈದ್ಯೆಯ ಬಳಿ ಹೋದಳು, ಗುಳಿಗೆ ನುಂಗಿದಳು, ಮೆಲ್ಲಗೆ ಚೇತರಿಸಿಕೊಂಡಳು. "ಬೆಟ್ಟಕ್ಕೆ ಧಾರಾಳವಾಗಿ ಹೋಗಿ, ಒಬ್ಬರೇ ಮಾತ್ರ ಬೇಡ" ಎಂದಿದ್ದರು ವೈದ್ಯೆ. ತಂಡದ ಮುಖ್ಯಸ್ಥ ಪ್ಯೊ ಅವರ ಕಿವಿಗೆ ಬಿದ್ದದ್ದು ಗುಳಿಗೆಯ ಸುದ್ದಿಯಷ್ಟೇ. ಕೆಳಗಿನ ಕಚೇರಿಯಲ್ಲಿ ಕ್ಯಾಮೆರಾ ಚಿತ್ರ ನೋಡಿಕೊಂಡಿರು ಎಂದುಬಿಟ್ಟರು.

ಪೂಜೆಯ ದಿನ ಯಾರೂ ಕರೆಯದೆಯೇ ಯೊನ್ಜು ಚಾಪೆಯ ಮೇಲೆ ಮಂಡಿಯೂರಿದಳು. ಜೇಬಿನಿಂದ ಗುಳಿಗೆಯ ಹಾಳೆ ತೆಗೆದು ಹಗ್ಗಗಳ ಪಕ್ಕದಲ್ಲಿಟ್ಟಳು.

"ಬೆಟ್ಟದಜ್ಜ, ಈ ಸಲ ಡೇರೇಲಿ ಒಬ್ಳೇ ಕೂತು ಅಳೋ ಹಾಗೆ ಮಾಡ್ಬೇಡ. ಅಳು ಬಂದ್ರೂ ಪಕ್ಕದಲ್ಲಿ ಯಾರಾದ್ರೂ ಇರ್ಲಿ."

ಪ್ಯೊ ಅವರ ಮುಖ ಕೆಂಪೇರಿತು. "ಏನಮ್ಮ ಇದು ಅಪಶಕುನ! ತೆಗಿ ಅದನ್ನ."

"ಸಂಗ್‌ಗಿಲ್ ಅಣ್ಣ ನೋವಿಗೆ ಕಟ್ಟೋ ಮಂಡಿಪಟ್ಟಿ ಇಟ್ಟಿಲ್ವಾ ಸರ್?"

"ಮಂಡಿ ಬೇರೆ, ತಲೆ ಬೇರೆ."

"ಹೌದು. ಮಂಡಿ ಹೋದ್ರೆ ಹೆಲಿಕಾಪ್ಟರ್ ಕರೀತೀರಿ. ತಲೆ ಕೆಟ್ರೆ ಕಚೇರೀಲಿ ಕುರ್ಚಿ ಕೊಡ್ತೀರಿ."

ಹಿಂದೆ ಯಾರೋ ಕಿಸಕ್ಕೆಂದರು. ಬಂಡೆಯಂಥ ಆಳು ಮಾ ಸಂಗ್‌ಗಿಲ್ ಗಂಟಲು ಸರಿಮಾಡಿಕೊಂಡ. "ಸರ್, ನಂದು ಜೀಪಲ್ಲಿದೆ. ತಂದಿಡ್ಲಾ?"

"ನಿಂದೇನಯ್ಯಾ?"

"ಇಂಥದ್ದೇ ಗುಳಿಗೆ. ಹೊಟ್ಟೆದು ಅಂತ ಸುಳ್ಳು ಹೇಳ್ತಿದ್ದೆ."

"ಅದಕ್ಕೇ ಅಣ್ಣ, ಅಷ್ಟು ಖಾರ ತಿಂದ್ರೂ ನಿಮ್ಮ ಹೊಟ್ಟೆ ಕೆಡ್ತಾನೇ ಇರ್ಲಿಲ್ಲ!" ಎಂದಳು ಯೊನ್ಜು.

"ಹಾಗಾದ್ರೆ ಇಬ್ರೂ ಕೆಳಗಿರಿ" ಎಂದರು ಪ್ಯೊ.

"ಮೇಲೆ ಯಾರು ಹೋಗ್ತಾರೆ ಸರ್, ನೀವಾ?" ಎಂದಳು ಯೊನ್ಜು. " ಒಬ್ಬೊಬ್ರನ್ನೇ ಕಳ್ಸೋದು ನಿಲ್ಸಿ, ಇಬ್ಬಿಬ್ರನ್ನ ಕಳ್ಸಿ. ಅಲ್ಲೀತನಕ ನಾನು ಈ ಚಾಪೆ ಬಿಟ್ಟು ಏಳಲ್ಲ."

ಏಳಲಿಲ್ಲ. ಹಂದಿಯ ಕಿವಿಯ ಮೇಲೆ ನೊಣ ಕೂತಿತು. ಹಸಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸರ್, ಹೂಂ ಅಂದ್ಬಿಡಿ, ಮಾಂಸ ಕಲ್ಲಾಗ್ತಿದೆ" ಎಂದು ಹಿಂದಿನಿಂದ ದನಿ ಬಂತು.

"ಆಯ್ತು, ಇಬ್ಬಿಬ್ರು! ನೀನೂ ಹೋಗು!" ಪ್ಯೊ ಕೈ ಕೊಡವಿದರು. "ಮಧ್ಯ ಇಳಿದು ಬಂದ್ರೆ ಮಾತ್ರ ನಿನ್ನ ಕಥೆ ಮುಗೀತು."

"ಇಳೀಬೇಕಾದ್ರೆ ಇಳೀತೀನಿ ಸರ್. ಮತ್ತೆ ಹತ್ತುತ್ತೀನಿ."

ಮುಂಗಾರಿಗೆ ಮುಂಚೆ ಇಳಿಯಬೇಕಾಗಿಯೇ ಬಂತು. ಬಂಡೆಯ ಬುಡದಲ್ಲಿ ಸತ್ತ ಮರಿಯೊಂದು ಸಿಕ್ಕ ಮೇಲೆ ಯೊನ್ಜುವಿಗೆ ಮತ್ತೆ ನಿದ್ದೆ ಹತ್ತಲಿಲ್ಲ. ಸಂಗ್‌ಗಿಲ್ ಜೊತೆಗೇ ಇಳಿದ. ವೈದ್ಯೆಯನ್ನು ಕಂಡು, ಸಂತೆಯಲ್ಲಿ ತಣ್ಣನೆಯ ಶಾವಿಗೆ ತಿಂದು, ಮರುದಿನ ಇಬ್ಬರೂ ಚೀಲ ಬಿಗಿದರು. ಯಾಕೆ ಇಳಿದಿರೆಂದು ಪ್ಯೊ ಎಲ್ಲರೆದುರೇ ಕೇಳಿದರು.

"ಮನಸ್ಸಿಗೆ ಹುಷಾರಿರ್ಲಿಲ್ಲ ಸರ್" ಎಂದಳು ಯೊನ್ಜು, ದನಿ ತಗ್ಗಿಸದೆ. ಅವರ ಉತ್ತರಕ್ಕೆ ಕಾಯದೆ, ಬೆಟ್ಟಕ್ಕೆ ಹೊರಟಿದ್ದ ಜೀಪು ಹತ್ತಿದಳು.