ಒಟ್ಟಿಗೆ ಬೇಯದ ಅಕ್ಕಿ

ಮದುವೆಯಾಗಿ ಗುಬ್ಬಿಗೆ ಹೊರಟಾಗ ಅಮ್ಮ ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ಖಾಲಿ ಹಾಲಿನ ಪುಡಿ ಡಬ್ಬ ಇಟ್ಟಿದ್ದಳು. ಕೊಬ್ಬರಿ ಮಿಠಾಯಿ ಇರಬಹುದು ಅಂತ ನನ್ನ ನಾದಿನಿ ಆಸೆಯಿಂದ ಮುಚ್ಚಳ ತೆಗೆದು ನೋಡಿ ಪೆಚ್ಚಾದಳು. ನನಗೆ ಮಾತ್ರ ನಗು ಬಂತು. ಒಡವೆ ಮರೆತರೂ ಅಮ್ಮ ಆ ಡಬ್ಬ ಮರೆಯುವವಳಲ್ಲ.

ಅದು ಹಿಡಿ ಅಕ್ಕಿಯ ಡಬ್ಬ. ತುಮಕೂರಿನ ನಮ್ಮ ಚರ್ಚಿನ ಹೆಂಗಸರೆಲ್ಲ ಅಡುಗೆಗೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಡಬ್ಬಕ್ಕೆ ಹಾಕಿ, ಕಣ್ಣು ಮುಚ್ಚಿ ಸ್ತೋತ್ರ ಹೇಳಿ, ಆಮೇಲೆ ಒಲೆಯ ಕಡೆ ತಿರುಗುತ್ತಿದ್ದರು. ತಿಂಗಳ ಮೊದಲ ಭಾನುವಾರ ಎಲ್ಲರೂ ಡಬ್ಬ ತಂದು ಪೀಠದ ಮುಂದಿನ ಹಿತ್ತಾಳೆ ಹಂಡೆಗೆ ಸುರಿಯುತ್ತಿದ್ದರು. ಸಿರಿವಂತರ ಸಣ್ಣಕ್ಕಿ, ಬಡವರ ರೇಷನ್ ಅಕ್ಕಿ, ಯಾರದೋ ಊರಿನಿಂದ ಬಂದ ಕುಸುಬಲಕ್ಕಿ ಎಲ್ಲ ಅಲ್ಲಿ ಒಂದೇ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಆ ಹಂಡೆ ತೋರಿಸಿ ಐಕ್ಯತೆಯ ಮೇಲೆ ಚೆನ್ನಾಗಿ ಪ್ರಸಂಗ ಮಾಡುತ್ತಿದ್ದರು.

ಆ ಅಕ್ಕಿ ಕಷ್ಟದಲ್ಲಿದ್ದ ಮನೆಗಳಿಗೆ ಹೋಗುತ್ತಿತ್ತು. ಅದನ್ನು ತಲುಪಿಸುವ ಕೆಲಸ ಅಮ್ಮನದು. ಮುಂದಿನ ಭಾನುವಾರ ಪ್ರಸಂಗ ಶುರುವಾಗುತ್ತಿದ್ದಂತೆ ಅಮ್ಮ ನನ್ನ ಕೈ ಹಿಡಿದು ಪಕ್ಕದ ಬಾಗಿಲಿನಿಂದ ಆಚೆ ಬರುತ್ತಿದ್ದಳು. ಆ ಮನೆಯವರು ಚರ್ಚಿನಲ್ಲಿ ಕೂತಿರುವಾಗಲೇ ಅವರ ಹಿತ್ತಿಲ ಬಾಗಿಲಿಗೆ ಚೀಲ ಒರಗಿಸಿ, ಆರಾಧನೆ ಮುಗಿಯುವುದರೊಳಗೆ ಬೆಂಚಿಗೆ ವಾಪಸ್. ಇಟ್ಟವರು ಹೇಳಬಾರದು, ತೆಗೆದುಕೊಂಡವರು ಕೇಳಬಾರದು, ಅದು ಕಟ್ಟಳೆ. ಅಮ್ಮನಿಗೆ ಈ ಕೆಲಸದ ಮೇಲೆ ಸಣ್ಣ ಜಂಬವೂ ಇತ್ತು. ನನಗೆ ಇದ್ದದ್ದು ಪ್ರಸಂಗ ತಪ್ಪಿತಲ್ಲ ಅನ್ನುವ ಖುಷಿ.

ಅಪ್ಪ ತುಮಕೂರು–ಕುಣಿಗಲ್ ಖಾಸಗಿ ಬಸ್ಸಿನ ಡ್ರೈವರ್. ಗೇರ್ ಹಾಕುವ ಮುಂಚೆ ಸ್ಟೀರಿಂಗ್ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಿದ್ದರು. ಪಕ್ಕದಲ್ಲೇ ಬಸ್ಸಿನ ಮಾಲೀಕರು ಅಂಟಿಸಿದ್ದ ಗಣೇಶನ ಪಟ ಇರುತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ತೊಂದರೆ ಕೊಡದೆ ವರ್ಷಗಟ್ಟಲೆ ಆ ದಾರಿಯಲ್ಲಿ ಓಡಾಡಿದರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ, ನಾನಿನ್ನೂ ಹೈಸ್ಕೂಲಿನಲ್ಲಿದ್ದೆ, ಕುಣಿಗಲ್ ಹತ್ತಿರ ಟಯರ್ ಬದಲಿಸುವಾಗ ಜಾಕ್ ಜಾರಿ ಅಪ್ಪನ ಬಲಗೈ ಜಜ್ಜಿಹೋಯಿತು. ಡಾಕ್ಟರು ಕೈ ಉಳಿಸಿದರು. ಆದರೆ ತಿಂಗಳುಗಟ್ಟಲೆ ಸ್ಟೀರಿಂಗ್ ಮುಟ್ಟಬೇಡಿ ಅಂದರು. ಬಸ್ಸು ಯಾರಿಗೂ ಕಾಯುವುದಿಲ್ಲವಲ್ಲ, ಬೇರೆ ಡ್ರೈವರ್ ಬಂದ.

ಮನೆಯಲ್ಲಿ ಅನ್ನ ನಿಂತಿತು. ಎರಡು ಹೊತ್ತೂ ಮುದ್ದೆ, ನೀರಾದ ಸಾರು. ಪೇಟೆಯಿಂದ ತರುತ್ತಿದ್ದ ಒಂಚೂರು ಅಕ್ಕಿ ಮಾತ್ರ ಹಿಡಿ ಹಿಡಿಯಾಗಿ ಡಬ್ಬಕ್ಕೇ ಹೋಗುತ್ತಿತ್ತು. ನಾವು ಮುದ್ದೆ ತಿನ್ನುತ್ತಿದ್ದೆವು, ಡಬ್ಬ ಅಕ್ಕಿ ತಿನ್ನುತ್ತಿತ್ತು. ನನಗೆ ಮೈ ಉರಿಯಿತು.

"ದೇವರಿಗೇನು ಹಸಿವಾ? ನಮಗೆ ಹಸಿವು" ಅಂದೆ.

"ಹಬ್ಬದ ದಿನ ಬಿರಿಯಾನಿಗೆ ಅಕ್ಕಿ ಅಳೆದಾಗ ನಿನಗೆ ಈ ಡಬ್ಬ ಕಣ್ಣಿಗೆ ಬಿದ್ದಿರ್ಲಿಲ್ಲ ಅಲ್ವೇನೇ?" ಅಂದಳು ಅಮ್ಮ. "ಆವತ್ತೂ ಇಷ್ಟೇ ಹಿಡಿ, ಇವತ್ತೂ ಇಷ್ಟೇ. ಕೈ ನಂದೇ ಕಣೇ, ಬದಲಾಗಿಲ್ಲ."

ವಾದ ಅಲ್ಲಿಗೆ ಮುಗಿಯಿತು. ಸಂಜೆ ಪ್ರಾರ್ಥನೆಯಲ್ಲಿ ಅಮ್ಮ ದಿನದ ಊಟ ಕೊಡಪ್ಪಾ ಅಂತ ಬೇಡುವಾಗ ನಾನು ಒಂದು ಕಣ್ಣು ತೆರೆದು ಡಬ್ಬವನ್ನು ದುರುಗುಟ್ಟುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ ಅಯ್ಯನವರ ಹೆಂಡತಿ ಅಮ್ಮನ ಹತ್ತಿರ ಬಂದು, "ಈ ಸಲ ನೀನು ಸುಧಾರಿಸ್ಕೋ, ಚೀಲ ಬೇರೆಯವ್ರು ಇಟ್ಟು ಬರ್ತಾರೆ" ಅಂದರು. ಅಮ್ಮನ ಮುಖ ಕಪ್ಪಾಯಿತು. "ಕೈ ಪೆಟ್ಟಾಗಿರೋದು ಅವ್ರಿಗೆ, ನನಗೇನಾಗಿದೆ?" ಅಂತ ಪ್ರಸಂಗದ ಉದ್ದಕ್ಕೂ ನನ್ನ ಕಿವಿಯಲ್ಲಿ ಗೊಣಗುತ್ತಲೇ ಇದ್ದಳು.

ಮನೆಗೆ ಬಂದರೆ ಹಿತ್ತಿಲ ಬಾಗಿಲಿಗೆ ಚೀಲ ಒರಗಿತ್ತು.

ಅಮ್ಮನಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. "ನೋಡಿದ್ಯಾ? ಗೊತ್ತಿಲ್ಲದೋರಿಗೆ ಕೆಲಸ ಒಪ್ಪಿಸಿದ್ರೆ ಹಿಂಗೇ. ಪಕ್ಕದ ಅಜ್ಜಿ ಬಾಗಿಲು ಅಂದ್ಕೊಂಡು ನಮ್ಮ ಬಾಗಿಲಿಗೆ ಇಟ್ಟೋಗಿದಾರೆ!" ಅಂದವಳೇ ಚೀಲವನ್ನು ಸೊಂಟಕ್ಕೇರಿಸಿ, ಕಳ್ಳ ಹೆಜ್ಜೆಯಲ್ಲಿ ಹೋಗಿ, ಕಟ್ಟಳೆ ಪ್ರಕಾರ ಅಜ್ಜಿಯ ಹಿತ್ತಿಲಲ್ಲಿ ಇಟ್ಟು ಬಂದಳು. ಆಮೇಲೆ ಅವಳ ಮುಖದಲ್ಲಿ ಗೆಲುವು ನೋಡಬೇಕಿತ್ತು.

ಪಕ್ಕದ ಅಜ್ಜಿ ಒಂಟಿ ಹೆಂಗಸು, ಹೂ ಕಟ್ಟಿ ಮಾರುತ್ತಿದ್ದಳು. ನಮ್ಮ ಚರ್ಚಿನವಳಲ್ಲ. ಹಿಡಿ ಅಕ್ಕಿಗೆ ಅಂಥ ಭೇದವೇನೂ ಇರಲಿಲ್ಲ. ಎರಡು ದಿನ ಕಳೆದ ಮೇಲೆ ನಾನು ಸ್ಕೂಲಿನಿಂದ ಬರುವಾಗ ಅಜ್ಜಿ ಕರೆದು ಒಂದು ತಟ್ಟೆ ಅನ್ನ, ಉಪ್ಸಾರು ಬಡಿಸಿದಳು. ನಾನು ಗಬಗಬ ತಿನ್ನುವುದನ್ನು ನೋಡುತ್ತಾ ಕೂತವಳು ಮೆತ್ತಗೆ ಕೇಳಿದಳು: "ಅನ್ನ ಉಂಡು ಎಷ್ಟು ದಿನ ಆಯ್ತವ್ವಾ?"

ಬಾಯಿ ತುಂಬ ಅನ್ನ ಇಟ್ಟುಕೊಂಡು ನಾನು ನಿಜ ಹೇಳಿಬಿಟ್ಟೆ.

ಅಜ್ಜಿ ಎದ್ದು, ಉಳಿದ ಅಕ್ಕಿಯ ಚೀಲ ಎಳೆದುಕೊಂಡು ಸೀದಾ ನಮ್ಮ ಅಡುಗೆಮನೆಗೆ ನುಗ್ಗಿದಳು. "ನೀನು ಪ್ರೀತಿಗೆ ಕೊಟ್ಟೆ ಅಂತ ಬೇಯಿಸ್ಕೊಂಡು ಉಂಡೆ ಕಣವ್ವಾ. ಇದು ನಿಂದು. ಭಾನುವಾರ ನಿಮ್ಮ ಚರ್ಚಿನ ಇಬ್ರು ಹೆಂಗಸ್ರು ಬಂದ್ರು. ನಿನ್ನ ಬಾಗಿಲು ಯಾವುದು ಅಂತ ನನ್ನೇ ಕೇಳಿ, ನನ್ನ ಕಣ್ಣ ಮುಂದೇನೇ ಇಟ್ಟೋದ್ರು. ಯಾರೂ ಮನೆ ತಪ್ಪಿಲ್ಲ."

ಅಮ್ಮ ಅಲ್ಲೇ ಗೋಡೆಗೊರಗಿ ಕೂತುಬಿಟ್ಟಳು. ಅಪ್ಪನ ಕೈ ಜಜ್ಜಿದ ದಿನವೂ ಅಳದವಳು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು. "ನಮಗಾ? ನಮ್ಮನೇಗಾ? ನಾನೇನು ಯಾರನ್ನಾದ್ರೂ ಕೇಳಿದ್ನಾ? ವಾಪಸ್ ಕೊಟ್ಬರ್ತೀನಿ" ಅಂತ ಒಂದೇ ಹಟ. ಕೊಡುವವಳಾಗಿಯೇ ಇರಬೇಕು ಅನ್ನುವುದು ಅವಳ ಜೀವಕ್ಕೆ ಎಷ್ಟು ಅಂಟಿಕೊಂಡಿತ್ತು ಅನ್ನುವುದು ನನಗೆ ಅವತ್ತು ಗೊತ್ತಾಯಿತು. ನನಗೂ ಅಳು ಬಂತು. ಜೊತೆಗೆ, ಎಲ್ಲಿ ವಾಪಸ್ ಕೊಟ್ಟುಬಿಡುತ್ತಾಳೋ ಅನ್ನುವ ಭಯ.

ಅಪ್ಪ ಬ್ಯಾಂಡೇಜು ಕಟ್ಟಿದ ಕೈಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಅಂದರು: "ಅಲ್ಲ ಕಣೇ, ದಿನಾ ಸಾಯಂಕಾಲ ಊಟ ಕೊಡಪ್ಪಾ ಅಂತ ಕೂಗ್ತೀಯ. ಅವನು ಬಾಗಿಲಿಗೇ ತಂದಿಟ್ರೆ ವಿಳಾಸ ತಪ್ಪಿದೆ ಅಂತ ಪಕ್ಕದ ಮನೆಗೆ ಕಳಿಸ್ತೀಯ. ಅವನು ಇನ್ನೇನು ಮಾಡ್ಬೇಕು?"

ಅಮ್ಮ ಅಳುತ್ತಲೇ ನಕ್ಕಳು. ಮುಖ ಒರೆಸಿಕೊಂಡು ಎದ್ದು ಚೀಲಕ್ಕೆ ಕೈ ಹಾಕಿದಳು. ಮೊದಲ ಹಿಡಿ ತೆಗೆದು ತನ್ನ ಡಬ್ಬಕ್ಕೆ ಹಾಕಿ, ಕಣ್ಣು ಮುಚ್ಚಿ, ಆಮೇಲೆ ಅಕ್ಕಿ ತೊಳೆದಳು. ಅಜ್ಜಿ ಬೆರಗಾಗಿ ನನ್ನ ಮುಖ ನೋಡಿದಳು.

ಆದರೆ ಅನ್ನ ಬೇಯಬೇಕಲ್ಲ! ಸಣ್ಣಕ್ಕಿ ಅಂಟಾಗಿ ತಳ ಹಿಡಿಯಿತು, ರೇಷನ್ ಅಕ್ಕಿ ಅರೆಬೆಂದಿತು, ಕುಸುಬಲಕ್ಕಿ ಹಲ್ಲಿಗೆ ಕಲ್ಲಿನಂತೆ ಸಿಕ್ಕಿತು. ಅಮ್ಮ ಒಂದು ತುತ್ತು ಅಗಿದು ಹಾಗೇ ನಿಲ್ಲಿಸಿದಳು. ಅಷ್ಟು ವರ್ಷ ಹೊತ್ತು ಹಂಚಿದ ಅಕ್ಕಿಯ ರುಚಿಯನ್ನು ಅವಳು ನೋಡಿದ್ದು ಅದೇ ಮೊದಲು.

"ಇಂಥದ್ದನ್ನಾ ನಾನು ಎಲ್ಲರಿಗೂ ಕೊಟ್ಟು ಬಂದಿದ್ದು? ಒಬ್ರಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಕೊಡೋರ ಮುಂದೆ ಹೆಂಗವ್ವಾ ಹೇಳಾದು?" ಅಂದಳು ಅಜ್ಜಿ. "ನಾನೂ ಏನೂ ಅನ್ನದಂಗೆ ಉಂಡೆ ಬುಡು."

ಅಪ್ಪನ ಕೈ ನಿಧಾನವಾಗಿ ವಾಸಿಯಾಯಿತು. ಮತ್ತೆ ಕುಣಿಗಲ್ ಬಸ್ಸು ಹತ್ತಿದರು, ಮನೆಗೆ ಅನ್ನ ಬಂತು, ಮುಂದೆ ನನ್ನ ಮದುವೆಯೂ ಆಯಿತು. ಒಂದೊಂದಕ್ಕೂ ಅಮ್ಮ ಸ್ತೋತ್ರ ಹೇಳಿದಳು. ಗುಬ್ಬಿಯಲ್ಲಿ ನನ್ನ ಡಬ್ಬಕ್ಕೂ ಅವಳ ಅಳತೆಯ ಹಿಡಿಯೇ ಬೀಳುತ್ತದೆ. ಕೈ ಬಿಗಿಯಾದ ತಿಂಗಳು ಬಂದರೆ ಈಗ ನನಗೆ ಹೆದರಿಕೆ ಕಡಿಮೆ.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ನಮ್ಮ ಬಾಗಿಲಿಗೆ ಚೀಲ ಬಂದ ಆ ತಿಂಗಳ ನಂತರದ ಮೊದಲ ಭಾನುವಾರ. ಅಮ್ಮ ಎಲ್ಲರಿಗಿಂತ ಮುಂಚೆ ಚರ್ಚಿಗೆ ಹೋಗಿ ಹಂಡೆಯನ್ನು ಪಕ್ಕಕ್ಕೆ ಸರಿಸಿ ಮೂರು ಪಾತ್ರೆ ಜೋಡಿಸಿದಳು. ಸಣ್ಣಕ್ಕಿಗೊಂದು, ರೇಷನ್ ಅಕ್ಕಿಗೊಂದು, ಕುಸುಬಲಕ್ಕಿಗೊಂದು. ಹೆಂಗಸರಲ್ಲಿ ಗುಸುಗುಸು ಎದ್ದಿತು. ಅಯ್ಯನವರು, ಪಾಪ, ಐಕ್ಯತೆಯ ಪ್ರಸಂಗ ಏನಾಗಬೇಕು ಅನ್ನುವ ಮುಖದಲ್ಲಿ, "ಇದೇನಮ್ಮಾ, ದೇವರ ಮುಂದೆ ನಿಮ್ಮದು ನಮ್ಮದು ಅಂತ ಬೇರೆ ಬೇರೆ?" ಅಂದರು.

ಹಾಡುವುದಕ್ಕೆ ಬಿಟ್ಟರೆ ಚರ್ಚಿನಲ್ಲಿ ಎಂದೂ ದನಿ ಎತ್ತದ ಅಮ್ಮ ಎದ್ದು ನಿಂತಳು.

"ಅಯ್ಯನೋರೇ, ಹೋದ ತಿಂಗಳು ಈ ಅಕ್ಕಿ ನಮ್ಮನೇಗೆ ಬಂದಿತ್ತು. ನಾವು ಉಂಡ್ವಿ. ದೇವರಿಗೆ ಸ್ತೋತ್ರ. ಆದ್ರೆ ಒಟ್ಟಿಗೆ ಬೇಯಲ್ಲ."

ಹಿಂದಿನ ಬೆಂಚಿನಿಂದ ಒಬ್ಬಾಕೆ ಚರ್ಚು ತುಂಬುವಷ್ಟು ಜೋರಾಗಿ "ಆಮೆನ್" ಅಂದಳು. ಹಿಂದಿನ ವರ್ಷ ಅವಳ ಹಿತ್ತಿಲ ಬಾಗಿಲಿಗೆ ಚೀಲ ಇಟ್ಟು ಬಂದವರು ನಾನು ಮತ್ತು ಅಮ್ಮ.